ಒತ್ತಡ ಹದಿನಾಲ್ಕು

ಅಪ್ಪ ಕಣ್ಣಿನ ಆಸ್ಪತ್ರೆಯನ್ನು ಅಕ್ಕನ ಹೆಸರಿಗೆ ಬರೆದು ಕಣ್ಣು ಮುಚ್ಚಿದರು. ತಮ್ಮನಿಗೆ ಸಿಕ್ಕಿದ್ದು ಹಿಂದಿನ ಕೋಣೆ, ಒಂದು ಸ್ಕ್ರೂಡ್ರೈವರ್ ಪೆಟ್ಟಿಗೆ ಮತ್ತು ‘ರಿಪೇರಿ’ ಎಂಬ ಅಡ್ಡಹೆಸರು. ರೋಗಿಗಳ ಮುಂದೆಯೂ ಅಕ್ಕ ಹಾಗೇ ಕರೆಯುತ್ತಿದ್ದಳು, ಅದೂ ಪ್ರೀತಿಯಿಂದ. ಅದಕ್ಕಿಂತ ಹೊಟ್ಟೆ ಉರಿಸುತ್ತಿದ್ದದ್ದು ಅವಳ ಧಾರಾಳತನ. ಹೊಸ ಯಂತ್ರ ಬಂದರೆ ಹಳೆಯದನ್ನು ಮಾರುವ ಮಾತೇ ಇಲ್ಲ. ಇವನೇ ಒರೆಸಿ ಕಟ್ಟಬೇಕು. ಅದು ಹಡಗು ಹತ್ತಿ ಯಾವುದೋ ಬಡ ದೇಶದಲ್ಲಿ ಕಣ್ಣು ಪರೀಕ್ಷೆ ಕಲಿಸುವ ಶಾಲೆಗೆ ಹೋಗಬೇಕು.

ವಿಷ, ಚೂರಿ ಎಲ್ಲ ದಡ್ಡರ ಕೆಲಸ ಎಂದು ಅವನ ಎಣಿಕೆ. ಅಮ್ಮ ಕುರುಡಾದದ್ದು ಕಣ್ಣಿನೊಳಗಿನ ಒತ್ತಡ ಏರಿ. ನೋವೇ ಇಲ್ಲದೆ ಅಂಚಿನಿಂದ ಒಳಕ್ಕೆ ಕತ್ತಲೆ ತರುವ ಕಾಯಿಲೆ, ಮಕ್ಕಳಿಗೂ ಬರುವಂಥದ್ದು. ಹಾಗಾಗಿ ಅಕ್ಕ ಆಗಾಗ ಹಿಂದಿನ ಕೋಣೆಗೆ ಬಂದು, ಅಪ್ಪನ ನೆನಪಿಗೆಂದು ಯಾರಿಗೂ ಕೊಡದೆ ಉಳಿಸಿಕೊಂಡಿದ್ದ, ಅವರು ಬಳಸುತ್ತಿದ್ದ ಒತ್ತಡ ಅಳೆಯುವ ಯಂತ್ರಕ್ಕೆ ಗದ್ದ ಒರಗಿಸುತ್ತಿದ್ದಳು. ಕಣ್ಣಿನ ಮೇಲೆ ಪುಸ್ಸೆಂದು ಗಾಳಿ, ಪರದೆಯ ಮೇಲೆ ಅಂಕಿ. ಹದಿನಾಲ್ಕು ಬಂದರೆ ಕ್ಷೇಮ. ಒಂದು ದಿನ ಇಪ್ಪತ್ತೆಂಟು ಬಂತು.

"ಎಷ್ಟೋ?"

"ಹದಿನಾಲ್ಕು ಅಕ್ಕ. ಎಳೆ ಮಗುವಿನ ಕಣ್ಣು ನಿಂದು."

ಅಂದು ಸಂಜೆಯೇ ಯಂತ್ರದ ಹೊಟ್ಟೆ ಬಿಚ್ಚಿದ. ಅದನ್ನು ಬಿಚ್ಚಬಲ್ಲವನು ಊರಿಗೆಲ್ಲ ಅವನೊಬ್ಬನೇ. ಅದೇ ಅವನ ಜಂಬ. ಅಂದಿನಿಂದ ಒಮ್ಮೆ ಹದಿಮೂರು, ಒಮ್ಮೆ ಹದಿನೈದು, ಹೆಚ್ಚಾಗಿ ಹದಿನಾಲ್ಕು. ಅಕ್ಕ ತಾನೇ ಇಣುಕಿ ನೋಡಿದರೂ ಅಷ್ಟೇ.

ಅವಳು ಬಾಗಿಲಿಗೆ ಭುಜ ತಾಗಿಸಿಕೊಳ್ಳತೊಡಗಿದಳು. ಲೋಟ ಉರುಳಿಸಿದಳು. "ವಯಸ್ಸಾಯ್ತಲ್ಲ ನಿಂಗೆ" ಎಂದು ಅವನು ಛೇಡಿಸಿದರೆ ಅವಳೂ ನಕ್ಕಳು. ಬೇರೆ ವೈದ್ಯರ ಬಳಿ ಹೋಗುವ ಹೊತ್ತಿಗೆ ನರ ಒಣಗಿತ್ತು. "ಒತ್ತಡ ಇತ್ತೀಚೆಗೆ ದಿಢೀರ್ ಅಂತ ಏರಿರಬೇಕು" ಎಂದರು ಅವರು, ಅವಳ ಹಿಂದಿನ ಅಂಕಿಗಳನ್ನು ಕೇಳಿ. ಅವನು ಅಕ್ಕನ ಕೈ ಹಿಡಿದು ಅತ್ತ. ಅಳು ಅವನೇ ಬೆರಗಾಗುವಷ್ಟು ಚೆನ್ನಾಗಿ ಬಂತು.

ಇನ್ನು ಉಳಿದದ್ದು ಯಂತ್ರ. "ಅಪ್ಪಂದು ಅಂತ ಇಟ್ಕೊಂಡು ಏನ್ಮಾಡೋದು ಅಕ್ಕ? ಆ ಶಾಲೆಗೇ ಕಳಿಸೋಣ, ನಾಲ್ಕು ಮಕ್ಕಳು ಕಲೀಲಿ" ಎಂದ. ಅಕ್ಕ ತಡಕಾಡಿ ಅವನ ತಲೆ ಸವರಿದಳು. ಸಾಕ್ಷಿ ದಾನದ ಹೆಸರಿನಲ್ಲಿ ಸಮುದ್ರ ದಾಟಿತು. ಸರಿಮಾಡಿ ಕಳಿಸಬಹುದಿತ್ತು, ಆ ಗೋಜಿಗೆ ಹೋಗಲಿಲ್ಲ. ಅಲ್ಲಿಯವರ ಕಣ್ಣು ಹೋದರೆ ಇವನಪ್ಪನ ಗಂಟೇನು ಹೋಗುತ್ತದೆ? ಎಲ್ಲರ ಕಣ್ಣೂ ಚೆನ್ನಾಗಿದೆ ಎನ್ನುವ ಯಂತ್ರವನ್ನು ಯಾರೂ ದೂರುವುದಿಲ್ಲ.

ಆಸ್ಪತ್ರೆ ಅವನ ಹೆಸರಿಗಾಗುವ ದಿನ ಬಂತು. ಅಕ್ಕನ ಬೆರಳಿಗೆ ಪೆನ್ನು ಕೊಟ್ಟು, ಕೈ ಹಿಡಿದು ಸಹಿಯ ಜಾಗಕ್ಕೆ ಒಯ್ಯುತ್ತಿದ್ದಾಗ ಫೋನು ಬಂತು. "ಆ ಶಾಲೆಯ ಮೇಡಂ" ಎಂದು ಅಕ್ಕ ಖುಷಿಯಿಂದ ಮಾತು ಶುರುಮಾಡಿದಳು. ಆಮೇಲೆ ಬರೀ ಕೇಳಿಸಿಕೊಂಡಳು. ಫೋನಿಟ್ಟು ಅವನತ್ತ ಮುಖ ತಿರುಗಿಸಿದಳು.

"ಮನುಷ್ಯರ ಕಣ್ಣು ಮುಟ್ಟೋಕೆ ಮುಂಚೆ ಅಲ್ಲಿ ಮಕ್ಕಳಿಗೆ ಮಾಂಸದಂಗಡಿಯಿಂದ ಮೇಕೆ ಕಣ್ಣು ತಂದು ಅಪ್ಪನ ಯಂತ್ರದಲ್ಲಿ ಅಭ್ಯಾಸ ಮಾಡಿಸ್ತಾರಂತೆ. ಜೀವ ಹೋದ ಕಣ್ಣು, ಒತ್ತಡ ಅನ್ನೋದೇ ಇರಲ್ಲ, ಮೆತ್ತಗಾಗಿರುತ್ತೆ." ಅಕ್ಕ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಮುಚ್ಚಳಕ್ಕಾಗಿ ಮೇಜು ತಡವಿ, ಪೆನ್ನು ಮುಚ್ಚಿಟ್ಟಳು. "ಅದಕ್ಕೂ ಹದಿನಾಲ್ಕಂತೆ ಕಣೋ, ರಿಪೇರಿ."