ಕೋಗಿಲಿನ ಆಶಾರಾಣಿಯ ಬಲಗೈ

"ಬಿಡ್ರೀ ಕೈ! ಮುರಿದೇ ಹಾಕ್ತೀರೇನು?"

ಯಲಹಂಕದ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಆಶಾರಾಣಿ ಕಿರುಚಿದ ರಭಸಕ್ಕೆ ಹೊರಗೆ ಕೂತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

ಕೀಲು-ಮೂಳೆ ನೋವಿಗೆ ಕೈಯಿಂದಲೇ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್ ಯೋಗಾನಂದ ಅವಳ ಬಲಗೈಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟ. "ನಾನಿನ್ನೂ ಏನೂ ಮಾಡೇ ಇಲ್ಲ ಕಣ್ರೀ... ಬರೀ ಮುಟ್ಟಿ ನೋಡ್ದೆ ಅಷ್ಟೆ!"

ಅವಳಿಗೆ ನಾಚಿಕೆಯಾಯಿತು. ನಗು ಬಂತು. ಅದರ ಹಿಂದೆಯೇ ಅಳುವೂ ಬಂದುಬಿಟ್ಟಿತು.

ಯಲಹಂಕದ ಪಕ್ಕದ ಕೋಗಿಲಿನಲ್ಲಿ, ತನ್ನ ಮನೆಯ ಮುಂದಿನ ಕೋಣೆಯಲ್ಲಿ ಅವಳು ಮದುವೆ ಬ್ಲೌಸುಗಳಿಗೆ ಆರಿ ವರ್ಕ್ ಮಾಡುತ್ತಿದ್ದಳು. ಚೌಕಟ್ಟಿಗೆ ಬಿಗಿದ ರೇಷ್ಮೆಯ ಮೇಲೆ ದಿನಕ್ಕೆ ಹತ್ತು ಗಂಟೆ ಮಣಿ, ಜರಿ ಕೂರಿಸುವ ಕೆಲಸ. ಎರಡು ತಿಂಗಳಿಂದ ಮಣಿಕಟ್ಟು ನೋವು. ಈಗ ಟೀ ಲೋಟ ಎತ್ತುವುದೂ ಕಷ್ಟ!

"ಮತ್ತೆ ಸೂಜಿ ಹಿಡಿಯೋಕಾಗುತ್ತಾ ಡಾಕ್ಟ್ರೇ? ನಂಗೆ ಬರೋದು ಇದೊಂದೇ ಕೆಲ್ಸ..."

"ಆಗುತ್ತೆ ಅಂತ ನಂಬಿಕೆ ಇದೆ. ಆದ್ರೆ ಒಂದು ತಿಂಗಳು ಕೈಗೆ ರೆಸ್ಟ್ ಬೇಕು. ಕದ್ದು ಕೆಲ್ಸ ಮಾಡಂಗಿಲ್ಲ!"

ಒಪ್ಪಿಕೊಂಡಿದ್ದ ಬ್ಲೌಸುಗಳನ್ನೆಲ್ಲ ಗೆಳತಿ ಅಫ್ರೀನಳಿಗೆ ಕೊಟ್ಟು, ವಾರಕ್ಕೆರಡು ಸಲ ಕ್ಲಿನಿಕ್ಕಿಗೆ ಹೋದಳು. ಬೆರಳಿನಿಂದ ಮೊಣಕೈವರೆಗೆ ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತಾ, ಕೀಲುಗಳನ್ನು ನಾಜೂಕಾಗಿ ಎಳೆಯುತ್ತಾ ಅವನು ಅವಳನ್ನು ಮಾತಿಗೆಳೆಯುತ್ತಿದ್ದ. ಒಮ್ಮೆ ಅವಳ ಮೊಬೈಲಿನಲ್ಲಿದ್ದ ನವಿಲಿನ ಡಿಸೈನ್ ನೋಡಿ, "ಬಾತುಕೋಳಿ ಚೆನ್ನಾಗಿದೆ" ಅಂದ. ಅವಳು ಎಡಗೈಯಿಂದ ಅವನ ಭುಜಕ್ಕೆ ಹೊಡೆದೇಬಿಟ್ಟಳು. ಹೊಡೆದ ಮೇಲೆ ತಾನೇ ಬೆಚ್ಚಿದಳು... ಇಷ್ಟು ಸಲಿಗೆ ಯಾವಾಗ ಬಂತು?

ಮುಂದಿನ ಸಲ ಹೋದಾಗ ಅವನ ಜಾಗದಲ್ಲಿ ಡಾಕ್ಟರ್ ರಕ್ಷಾ ಕೂತಿದ್ದರು.

"ಇನ್ಮೇಲೆ ನಿಮ್ಮನ್ನ ನಾನೇ ನೋಡ್ತೀನಿ. ಯೋಗಾನಂದ್ ಹೇಳಿದ್ದಾರೆ."

ಪಕ್ಕದ ಕೋಣೆಯಲ್ಲೇ ಇದ್ದ ಅವನು ಅವಳನ್ನು ಕಂಡೂ ಕಾಣದಂತೆ ಒಳಗೆ ಸರಿದ.

'ಹೊಡೆದೆನಲ್ಲ... ಇವಳದ್ದು ಅತಿಯಾಯ್ತು ಅನ್ಕೊಂಡಿರ್ಬೇಕು!' ವಾಪಸ್ ಬರುವಾಗ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

"ಯಾಕವ್ವಾ, ಕೈ ನೋಯ್ತೈತಾ?" ಮನೆಯಲ್ಲಿ ತಾಯಿ ಅಂಜಿನಮ್ಮ ಕೇಳಿದರು.

"ಕೈ ಅಲ್ಲಮ್ಮಾ..." ಅಂದು ಒಳಗೆ ಹೋದಳು.

ತಿಂಗಳು ಮುಗಿಯಿತು. ಒಂದು ಬೆಳಿಗ್ಗೆ ಹೆದರುತ್ತಲೇ ಸೂಜಿ ಹಿಡಿದಳು. ಒಂದು ಎಲೆ... ಒಂದು ಹೂ... ನೋವಿಲ್ಲ! ಕುಣಿಯುವಷ್ಟು ಖುಷಿ. ಆದರೆ ಆ ಖುಷಿಯನ್ನು ಮೊದಲು ಹೇಳಬೇಕೆನಿಸಿದ್ದು ಮುಖ ತಿರುಗಿಸಿಕೊಂಡ ಅವನಿಗೇ!

ಹೋಗೇಬಿಟ್ಟಳು. ಅವನು ಕ್ಲಿನಿಕ್ಕಿನ ಕೆಳಗಿನ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ.

"ಕೈ ಸರಿಹೋಯ್ತು. ಸೂಜಿ ಹಿಡಿದೆ."

"ನಿಜವಾಗ್ಲೂ?" ಅವನ ಮುಖ ಅರಳಿತು.

"ಹೂಂ. ಹೊಡೆದಿದ್ದಕ್ಕೆ ಕೋಪ ಬಂದಿದ್ರೆ ಬೈಬೇಕಿತ್ತು. ನನ್ನನ್ನ ಹಂಗೆ ರಕ್ಷಾ ಡಾಕ್ಟ್ರಿಗೆ ಯಾಕೆ ದಾಟಿಸಿಬಿಟ್ರಿ?"

"ಕೋಪನಾ? ನೀವು ಬರೋ ದಿನ ಎರಡೆರಡು ಸಲ ತಲೆ ಬಾಚ್ಕೋತಿದ್ದೆ ಕಣ್ರೀ!" ಅವನು ತಡವರಿಸಿದ. "ನಿಮ್ಮ ಕೈ ಹಿಡಿದಾಗ ನಾನು ಬರೀ ಡಾಕ್ಟ್ರಾಗಿ ಉಳೀತಿರ್ಲಿಲ್ಲ. ನೀವು ನಂಬಿ ಕೈ ಕೊಟ್ಟೋರು... ಮನಸ್ಸಲ್ಲಿ ಇಷ್ಟ ಇಟ್ಕೊಂಡು ಟ್ರೀಟ್‌ಮೆಂಟ್ ಮಾಡೋದು ತಪ್ಪು. ಅದಕ್ಕೇ ರಕ್ಷಾಗೆ ಹೇಳ್ದೆ."

ಅವಳ ಕಣ್ಣು ತುಂಬಿತು.

"ಬಸ್ಸಲ್ಲಿ ಅಳ್ತಾ ಹೋಗಿದ್ದೀನಿ, ಗೊತ್ತಾ?"

"ಅಯ್ಯೋ... ಒಂದು ಮಾತು ಹೇಳ್ಬೇಕಿತ್ತು. ನಂದೇ ತಪ್ಪು."

"ತಪ್ಪೇ!" ಎಂದಳು, ಅಳುತ್ತಲೇ ನಗುತ್ತಾ. "ಭಾನುವಾರ ಮನೆಗೆ ಬನ್ನಿ. ಅಮ್ಮ ಮುದ್ದೆ, ಉಪ್ಸಾರು ಮಾಡ್ತಾರೆ."

"ಅಮ್ಮಂಗೆ ನನ್ನನ್ನ ಯಾರು ಅಂತ ಹೇಳ್ತೀರಿ? ಡಾಕ್ಟ್ರು ಅಂತಾನಾ?"

"ಡಾಕ್ಟ್ರು ಅಂದ್ರೆ ಈಗ ರಕ್ಷಾ. ನೀವು... ನಾನು ಇಷ್ಟಪಟ್ಟಿರೋರು."

ಅವನ ಕಾಫಿ ತುಳುಕಿತು. "ಇನ್ನೊಂದ್ಸಲ ಹೇಳಿ..."

"ಭಾನುವಾರ ಹೇಳ್ತೀನಿ. ಅಮ್ಮನ ಮುಂದೆ!"