ಹನ್ನೊಂದು ಹಾಡು, ಹನ್ನೊಂದು ತಪ್ಪು

ಥಿಯಾ ತಪ್ಪು ಕಂಡರೆ ಸುಮ್ಮನಿರುವ ಜೀವವಲ್ಲ. ಟ್ಯಾಂಪಾದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಸಿನಿಮಾದಲ್ಲಿ ಚಂದ್ರ ತಪ್ಪು ಕಡೆ ಮೂಡಿದರೂ ಪಕ್ಕದವರಿಗೆ ಹೇಳಿಯೇ ತೀರುತ್ತಾಳೆ. ಇಂಥವಳ ಕಿವಿಗೆ ಗಾಯಕ ಎಲ್ಡನ್‌ನ ರ‍್ಯಾಪ್ ಬಿತ್ತು. ಗ್ರಹ, ಕಂಪ್ಯೂಟರ್, ದಾಳದಾಟ ಅಂತ ಪುಸ್ತಕದ ಹುಳುಗಳಿಗೆಂದೇ ಕಟ್ಟಿದ ಹಾಡುಗಳು. ಹಾಡೇನೋ ಚೆನ್ನಾಗಿತ್ತು, ಆದರೆ ಶುಕ್ರಗ್ರಹದಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟಿಬಿಟ್ಟಿದ್ದ. ಅಲ್ಲಿ ಅವನು ಹುಟ್ಟುವುದು ಪಶ್ಚಿಮಕ್ಕೆ ಎಂದು ಕೂಡಲೇ ಇಮೇಲ್ ಬರೆದಳು.

"ಥ್ಯಾಂಕ್ಸ್. ಮುಂದಿನ ಹಾಡಲ್ಲಿ ನೋಡ್ಕೋತೀನಿ" ಎಂದು ಉತ್ತರ ಬಂತು.

ಎಲ್ಲಿ ನೋಡಿಕೊಂಡ? ಮುಂದಿನದರಲ್ಲಿ ಮಂಗಳನ ಸೂರ್ಯಾಸ್ತವನ್ನು ಕೆಂಪಾಗಿಸಿದ, ಅದು ನೀಲಿ. ಆಮೇಲೆ ಇಪ್ಪತ್ತು ಮುಖದ ದಾಳಕ್ಕೆ ಇಪ್ಪತ್ತು ಮೂಲೆ ಕೊಟ್ಟ, ಇರುವುದು ಹನ್ನೆರಡು. ಮೂರು ವರ್ಷ, ಹನ್ನೊಂದು ಹಾಡು, ಹನ್ನೊಂದು ಪತ್ರ. ಪತ್ರಗಳು ಉದ್ದವಾಗುತ್ತ ಹೋದವು. ಅವಳ ಬೆಕ್ಕು, ತರಗತಿಯ ತರಲೆಗಳು, ಒಂಟಿ ಭಾನುವಾರಗಳು ಎಲ್ಲ ಅವುಗಳೊಳಗೆ ಬಂದವು. ಉತ್ತರ ಮಾತ್ರ ಅದೇ ಒಂದು ಸಾಲು. ಇಷ್ಟಾದರೂ ಅವನ ಮೇಲೆ ಪ್ರೀತಿ ಹುಟ್ಟಿತಲ್ಲ, ಅದಕ್ಕೇನು ಹೇಳುವುದು!

ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳದವನನ್ನು ಪ್ರೀತಿಸಿ ಏನು ಬಂತು ಎಂದುಕೊಂಡಳು. ಇನ್ನು ಬರೆಯುವುದಿಲ್ಲವೆಂದು ಮುಖಕ್ಕೇ ಹೇಳಿ ಬರಲು, ಅವನು ಹಾಡಲಿದ್ದ ಒರ್ಲಾಂಡೊದ ಅಭಿಮಾನಿಗಳ ಮೇಳಕ್ಕೆ ಹೋದಳು.

ಎಲ್ಡನ್ ಮೇಜಿನ ಹಿಂದೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಗಲ್ಲದ ಮೇಲೆ ಸಾಸ್ ಅಂಟಿತ್ತು. ಅವಳ ಕಣ್ಣು ಅಲ್ಲಿಂದ ಕದಲಲಿಲ್ಲ.

"ನಾನು ಥಿಯಾ. ಟ್ಯಾಂಪಾದಿಂದ."

ಅವನು ಕನ್ನಡಕ ಸರಿಮಾಡಿಕೊಂಡು ಎದ್ದುನಿಂತ. "ನೀ... ನೀವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ!"

"ಕೂರೋಕೆ ಬಂದಿಲ್ಲ. ಇನ್ಮೇಲೆ ಬರೆಯಲ್ಲ ಅಂತ ಹೇಳೋಕೆ ಬಂದೆ. ಕಲ್ಲಿಗೆ ಹೇಳಿದ್ರೂ ಇಷ್ಟು ಹೊತ್ತಿಗೆ ಕಲೀತಿತ್ತು."

ಟೀ-ಶರ್ಟ್ ಮಡಚುತ್ತಿದ್ದ ಅವನ ಅಕ್ಕ ರೊವೀನಾ ಕಿಸಕ್ಕನೆ ನಕ್ಕಳು. "ಇವನು ಖಗೋಳ ಓದಿದವನು ರೀ! ಮೊದಲು ಎಲ್ಲ ಸರಿಯಾಗೇ ಬರೀತಾನೆ. ಆಮೇಲೆ ಕೂತು ಒಂದೇ ಒಂದು ತಪ್ಪು ಹಾಕ್ತಾನೆ. ಯಾರಿಗೋಸ್ಕರ ಅಂತೀರಾ?"

"ಅಕ್ಕಾ, ಬಾಯ್ಮುಚ್ಚೇ!"

"ನಿಜಾನಾ?" ಥಿಯಾ ಕೇಳಿದಳು.

"ಮೊದಲನೇದು ನಿಜವಾಗ್ಲೂ ತಪ್ಪೇ," ಎಂದ ಅವನು, ನೆಲ ನೋಡುತ್ತ. "ಉಳಿದ ಹತ್ತು... ಸರಿಯಾಗಿದ್ರೆ ನೀವು ಬರೀತಿರ್ಲಿಲ್ವಲ್ಲ."

"ಮತ್ತೆ ಉತ್ತರ ಒಂದೇ ಸಾಲು ಯಾಕೆ?"

"ಸ್ಟೇಜ್ ಮೇಲೆ ಮಾತು ಪಟಪಟ ಬರುತ್ತೆ. ನಿಮಗೆ ಬರೆಯೋಕೆ ಕೂತ್ರೆ ಒಂದೂ ಬರಲ್ಲ ರೀ."

"ಮೂರು ವರ್ಷ ನನ್ನನ್ನ ಆಟ ಆಡಿಸಿದ್ರಿ!" ಎಂದವಳೇ ಹೊರಟುಬಿಟ್ಟಳು. ಕೋಪವೂ ಬಂದಿತ್ತು, ಖುಷಿಯೂ ಆಗಿತ್ತು. ಯಾವುದು ಹೆಚ್ಚು ಎಂದು ಅವಳಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅವನ ಸರದಿ ಬಂತು. ಸಭಾಂಗಣದ ಬಾಗಿಲು ದಾಟುವಾಗ ಅವನ ದನಿ ಕೇಳಿ ಥಿಯಾ ನಿಂತಳು. ಅವನು ಹಳೆಯ ಹಾಡುಗಳನ್ನೇ ಹೆಣೆದು ಹಾಡುತ್ತಿದ್ದ. ಸೂರ್ಯ ಪಶ್ಚಿಮಕ್ಕೆ ಹುಟ್ಟಿದ. ಮಂಗಳನ ಸಂಜೆ ನೀಲಿಯಾಯಿತು. ದಾಳಕ್ಕೆ ಹನ್ನೆರಡೇ ಮೂಲೆ. ಅವಳು ಬೆರಳು ಮಡಚಿ ಎಣಿಸಿದಳು, ಹನ್ನೊಂದೂ ಸರಿಯಾಗಿದ್ದವು.

ಸಂಗೀತ ನಿಂತಿತು. ಅವನು ಬಾಗಿಲ ಕಡೆ ನೋಡಿ ಕೊನೆಯ ಸಾಲು ಹೇಳಿದ: "ಥಿಯಾಗೆ ನಾನಂದ್ರೆ ಎಳ್ಳಷ್ಟೂ ಇಷ್ಟ ಇಲ್ಲ."

ಮೈಕನ್ನು ಅವಳತ್ತ ಚಾಚಿದ. "ತಪ್ಪಿದ್ರೆ ಹೇಳಿ."

ಇಡೀ ಸಭೆ ಅವಳತ್ತ ತಿರುಗಿತು. ಥಿಯಾ ಸೀದಾ ವೇದಿಕೆ ಹತ್ತಿ, ಅವನ ಗಲ್ಲದ ಸಾಸ್ ಒರೆಸಿ, ಮೈಕ್ ಕಿತ್ತುಕೊಂಡಳು.

"ಕೊನೇ ಸಾಲು ತಪ್ಪು ಕಣೋ," ಅಂದಳು. "ಈ ಸಲ ಒಂದು ಸಾಲಿನ ಉತ್ತರ ಕೊಟ್ರೆ ನಡೆಯಲ್ಲ."