ರಾಗಿ ಡ್ರಮ್ಮಿನೊಳಗಿನ ಬೆಲ್ಲ

"ಮೂವತ್ತಾರು!" ನರ್ಸ್ ಪುಷ್ಪ ತೂಕದ ಮಿಷನ್ ನೋಡಿ ಹುಬ್ಬೇರಿಸಿದರು. "ಮೂರು ವಾರಕ್ಕೆ ಮೂರು ಕೆಜಿ ಇಳಿದಿದ್ದಾರೆ. ಹಿಂಗಾದ್ರೆ ಡಾಕ್ಟ್ರು ಇವತ್ತು ಕೀಮೋ ಕೊಡಲ್ಲ."

ಆಮೇಲೆ ಡಾಕ್ಟರು ಕೊಡಲೂ ಇಲ್ಲ. ಮುಂದಿನ ವಾರ ಬನ್ನಿ ಎಂದರು.

ಚೆಲುವಮ್ಮಜ್ಜಿ ಮಿಷನ್ನಿನಿಂದ ಇಳಿದು ಚಪ್ಪಲಿ ಹುಡುಕಿದಳು. ನರ್ಸ್ ಕೈಲಿ ಬೈಸಿಕೊಂಡಿದ್ದು ಅವಳ ಸೊಸೆ, ಮಾಲಿನಿಯ ಅವ್ವ.

"ಸರಿಯಾಗಿ ಊಟ ಕೊಡ್ತಿಲ್ವಾ ನೀವು?"

"ನನ್ ಮಗಳು ದಿನಾ ಗಂಜಿ ಕಾಯ್ಸಿ ಕೊಡ್ತಾಳೆ ಕಣ್ರಿ. ಎರಡು ಗುಟುಕು ಕುಡ್ದು ಸಾಕು ಅಂತದೆ ನಮ್ಮತ್ತೆ." ಅವ್ವನ ಕಣ್ಣು ತುಂಬಿತು.

ಎಂಟನೇ ಕ್ಲಾಸಿನ ಮಾಲಿನಿ ಗೋಡೆಯ ಚಾರ್ಟ್ ಓದುತ್ತಾ ನಿಂತಿದ್ದಳು. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಮೂರು ವಾರದ ಹಿಂದೆ ಕುಸುಮ ಮಿಸ್ ಜೀವಕೋಶದ ಪಾಠ ಮಾಡಿದ್ದರು. ಕೋಶದೊಳಗೆ ಮೈಟೋಕಾಂಡ್ರಿಯಾ ಅಂತ ಇರುತ್ತದೆ, ತಿಂದ ಊಟದಿಂದ ಶಕ್ತಿ ಮಾಡುತ್ತದೆ. ಕ್ಯಾನ್ಸರ್ ಕೋಶ ಮಾತ್ರ ಸಕ್ಕರೆಯನ್ನು ಗಬಗಬ ನುಂಗಿ, ಬಹುಪಾಲನ್ನು ಮೈಟೋಕಾಂಡ್ರಿಯಾಕ್ಕೆ ಕಳಿಸುವುದೇ ಇಲ್ಲ ಎಂದರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮಿಕ್ಕ ಪಾಠವನ್ನು ಮಾಲಿನಿ ತಾನೇ ಮುಗಿಸಿಕೊಂಡಳು: ಸಿಹಿ ಕೊಡದಿದ್ದರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ.

ಸಂಜೆಯೇ ಬೆಲ್ಲದ ಅಚ್ಚುಗಳನ್ನೆಲ್ಲ ಕವರಿನಲ್ಲಿ ಕಟ್ಟಿ ರಾಗಿ ಡ್ರಮ್ಮಿನೊಳಗೆ ಹೂತಳು. ಸತ್ತೇಗಾಲದಂಥ ಊರಲ್ಲಿ, ಅದೂ ಕಬ್ಬು ಬೆಳೆಯುವವರ ಮನೆಯಲ್ಲಿ, ಬೆಲ್ಲ ಖಾಲಿ ಎಂದರೆ ನಂಬುವವರು ಯಾರು? ಅಜ್ಜಿ ನಂಬಿದಳು; ಆದರೆ ಬೆಲ್ಲವಿಲ್ಲದ ಗಂಜಿ ಅವಳಿಗೆ ಸೇರಲಿಲ್ಲ. ಹೊತ್ತು ಮೂಡುವ ಮುಂಚೆ ಕೆಲಸಕ್ಕೆ ಹೋಗುವ ಅವ್ವನಿಗೆ ಬೆಲ್ಲದ ಡಬ್ಬಿ ನೋಡಲು ಪುರುಸೊತ್ತಿರಲಿಲ್ಲ.

"ಅವ್ವನ್ನ ಬೈಬೇಡಿ ಸಿಸ್ಟರ್," ಮಾಲಿನಿ ತಿರುಗಿದಳು. "ಬೆಲ್ಲ ಬಚ್ಚಿಟ್ಟಿದ್ದು ನಾನು." ಮಿಸ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

ನರ್ಸ್ ನಗಲಿಲ್ಲ. "ನಿಮ್ಮ ಮಿಸ್ ಹೇಳಿದ್ದು ಸರಿ. ಆದ್ರೆ ಬೆಲ್ಲ ಬಿಟ್ರೆ ಕ್ಯಾನ್ಸರ್ ಸಾಯಲ್ಲಮ್ಮ. ಮೈ ತಾನೇ ಸಕ್ಕರೆ ಮಾಡ್ಕೊಳ್ಳುತ್ತೆ. ಸೊರಗೋದು ಅಜ್ಜಿ. ಕೀಮೋ ಕೊಟ್ರೆ ಒಳ್ಳೆ ಕೋಶದ ಮೈಟೋಕಾಂಡ್ರಿಯಾಕ್ಕೂ ಏಟು ಬೀಳುತ್ತೆ, ಸುಸ್ತಾಗುತ್ತೆ. ಸುಧಾರಿಸ್ಕೊಳ್ಳೋಕೆ ಊಟ ಬೇಕಲ್ವಾ?"

ಅವ್ವ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಕೂತಳು. ಬೈದಿದ್ದರೇ ವಾಸಿಯಿತ್ತು.

ಮನೆಗೆ ಬಂದವಳೇ ಮಾಲಿನಿ ರಾಗಿಯೊಳಗೆ ಕೈ ಬಿಟ್ಟಳು. ಎಷ್ಟು ತಡಕಿದರೂ ಕವರ್ ಸಿಗಲಿಲ್ಲ.

"ಇನ್ನೂ ವಸಿ ಕೆಳಕ್ಕೆ ಕಣವ್ವ," ಎಂದಳು ಮಂಚದ ಮೇಲಿಂದ ಅಜ್ಜಿ.

"ನಿಂಗೆ ಗೊತ್ತಿತ್ತಾ?"

"ರಾಗಿ ತಕ್ಕಳಕ್ಕೆ ಹೋದಾಗ ಸಿಕ್ತು. ಓದೋ ಮಗ, ನನ್ ಒಳ್ಳೇದಕ್ಕೇ ಮಡಗಿರ್ತಾಳೆ ಅಂತ ಸುಮ್ಕಾದೆ."

ಮಾಲಿನಿ ಮೊಣಕೈವರೆಗೆ ರಾಗಿಯಲ್ಲಿದ್ದ ಕೈಯನ್ನು ಇನ್ನೂ ಕೆಳಕ್ಕಿಳಿಸಿ ಕವರನ್ನು ಎಳೆದಳು. ಅವಳಿಗೆ ಜೋರಾಗಿ ಅಳು ಬಂತು.

ಗಂಜಿಗೆ ಬೆಲ್ಲ ಕದಡಿ ತಂದುಕೊಟ್ಟಾಗ ಅಜ್ಜಿ ಲೋಟ ಹಿಡಿದು, ಡಾಕ್ಟರನ್ನು ಕೇಳುವ ಹಾಗೇ ಕೇಳಿದಳು: "ಈಗ ಕುಡೀಬೋದಾ?"

"ಕುಡೀಬೋದು ಅಂದವ್ರೆ ಅಜ್ಜಿ," ಎಂದಳು ಮಾಲಿನಿ. "ಈ ಸಲ ಪೂರ್ತಿ ಕೇಳಿಸ್ಕಂಡು ಬಂದಿವ್ನಿ."